ಜಾನ್ ಲೋಗಿ ಬೇರ್ಡ್

ದೂರದರ್ಶನದ ಜನಕರಲ್ಲೊಬ್ಬನಾದ ಬೇರ್ಡ್ 1888ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮಗನಾಗಿ ಜನಿಸಿದನು. ಸದಾ ರೋಗಿ. ಕಾಲುಚೀಲ ಮಾರಿದನು, ಟ್ರಿನಿಡಾಡಿನಲ್ಲಿ ಜಾಮ್ ತಯಾರಿಸಹೋಗಿ ಕೈಸುಟ್ಟುಕೊಂಡನು. ಚಹದ ಪೆಟ್ಟಿಗೆ, ಹೊಲಿಗೆ ಸೂಜಿ, ಸೈಕಲ್ ದೀಪದ ಗಾಜು—ಇವೇ ಅವನ ಮೊದಲ ಸಲಕರಣೆಗಳು. (ಸಲಕರಣೆಯಿಲ್ಲವೆಂದು ಗೊಣಗುವಾಗ ನನಗಿದು ನೆನಪಾಗಿ ನಾಚಿಕೆಯಾಗುತ್ತದೆ.) ತೂತುಗಳ ಚಕ್ರವೊಂದನ್ನು ತಿರುಗಿಸಿ, 1926ರ ಜನವರಿ 26ರಂದು ಲಂಡನ್ನಿನಲ್ಲಿ ವಿದ್ವಾಂಸರಿಗೆ 30 ಗೆರೆಗಳಲ್ಲಿ ಮನುಷ್ಯನ ಮುಖವನ್ನು ತೋರಿಸಿದನು.

1936ರಲ್ಲಿ ಬಿ.ಬಿ.ಸಿ.ಯು ಅವನ 240 ಗೆರೆಗಳ ಪದ್ಧತಿಯನ್ನೂ ಮಾರ್ಕೊನಿ-ಇ.ಎಂ.ಐ.ಯ 405 ಗೆರೆಗಳ ಎಲೆಕ್ಟ್ರಾನಿಕ್ ಪದ್ಧತಿಯನ್ನೂ ಸರದಿಯಂತೆ ಪರೀಕ್ಷಿಸಿ, ಮರುವರ್ಷ ಬೇರ್ಡನದನ್ನು ಕೈಬಿಟ್ಟಿತು. ತೀರ್ಪು ನ್ಯಾಯವೇ, ಒಪ್ಪುತ್ತೇನೆ. ಆದರೆ ಗೆದ್ದವರ ಮಾರ್ಗವನ್ನೇ ಹಿಡಿದು, ಸ್ವಂತ ಹಣದಿಂದ ದುಡಿದು, 1944ರಲ್ಲಿ ಎಲೆಕ್ಟ್ರಾನಿಕ್ ಕೊಳವೆಯಲ್ಲಿ ಬಣ್ಣದ ಚಿತ್ರ ತೋರಿಸಿದ ಸೋತ ಬೇರ್ಡನೇ ನನಗೆ ಹಿರಿಯನಾಗಿ ಕಾಣುತ್ತಾನೆ. ಯುದ್ಧದಿಂದ ನಿಂತಿದ್ದ ಪ್ರಸಾರವು 1946ರ ಜೂನ್ 7ರಂದು ಪುನಃ ಆರಂಭವಾಯಿತು. 14ರಂದು ಬೇರ್ಡ್ ತೀರಿಕೊಂಡನು.