ಶೈತ್ಯಯಂತ್ರ ನಿರ್ಮಾಪಕ ಕಾರ್ಲ್ ಲಿಂಡೆ

ಜರ್ಮನಿಯ ಮ್ಯೂನಿಕ್ ನಗರಕ್ಕೆ ಸಮುದ್ರ ಬಲು ದೂರ. ಆದರೂ ಅಲ್ಲಿನ ಬಿಯರ್ ಭವನಗಳಲ್ಲಿ ಬೇಸಿಗೆಯಲ್ಲಿಯೂ ತಣ್ಣನೆಯ ಪಾನೀಯವೂ ಕೆಡದ ಕಡಲಮೀನೂ ದೊರೆಯುತ್ತವೆ. ಇದನ್ನು ಸಾಧ್ಯಗೊಳಿಸಿದವರಲ್ಲಿ ಅಗ್ರಗಣ್ಯನು ಕಾರ್ಲ್ ಲಿಂಡೆ.

ಲಿಂಡೆ 1842ರ ಜೂನ್ 11ರಂದು ಬವೇರಿಯದ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಪಾದ್ರಿ, ಮಗನೂ ಧರ್ಮಬೋಧಕನಾಗಲೆಂಬುದು ಅವನ ಇಚ್ಛೆ. ಮಗನ ಮನಸ್ಸಾದರೋ ಯಂತ್ರಗಳಿಗೆ ಒಲಿದಿತ್ತು. 1861ರಲ್ಲಿ ಜೂರಿಕ್‌ನ ಪಾಲಿಟೆಕ್ನಿಕ್ ಸೇರಿ, ಉಷ್ಣಶಾಸ್ತ್ರದ ಮಹಾಪಂಡಿತ ಕ್ಲಾಸಿಯಸ್‌ನ ಪಾಠ ಕೇಳುವ ಭಾಗ್ಯವನ್ನು ಪಡೆದನು. ಆದರೆ ವಿದ್ಯಾರ್ಥಿಗಳ ಪ್ರತಿಭಟನೆಯೊಂದರಲ್ಲಿ ಸೇರಿದ ತಪ್ಪಿಗೆ 1864ರಲ್ಲಿ ಸಂಸ್ಥೆಯಿಂದ ಹೊರಬೀಳಬೇಕಾಯಿತು. ಕೈಯಲ್ಲಿ ಪದವಿಯಿಲ್ಲ, ಮುಂದೆ ದಾರಿಯಿಲ್ಲ. ಆಗ ಅವನ ಕೈಹಿಡಿದವನು ಗುರುವಾದ ರೂಲೋ. ಅವನ ನೆರವಿನಿಂದ ಹತ್ತಿಯ ಗಿರಣಿಯೊಂದರಲ್ಲಿ ಕೆಲಸ ಕಲಿಯಲು ಸೇರಿದ ಲಿಂಡೆ, ಮುಂದೆ ಬರ್ಲಿನ್ ಮತ್ತು ಮ್ಯೂನಿಕ್‌ಗಳ ರೈಲ್ವೆ ಎಂಜಿನ್ ಕಾರ್ಖಾನೆಗಳಲ್ಲಿ ದುಡಿದನು. ಪದವಿಯಿಲ್ಲದ ಈ ತರುಣನೇ 1868ರಲ್ಲಿ ಮ್ಯೂನಿಕ್‌ನ ನೂತನ ಪಾಲಿಟೆಕ್ನಿಕ್‌ನಲ್ಲಿ ಅಧ್ಯಾಪಕನಾದನು, 1872ರಲ್ಲಿ ಪ್ರಾಧ್ಯಾಪಕನಾದನು. ರುಡಾಲ್ಫ್ ಡೀಸೆಲ್ ಅವನ ಶಿಷ್ಯ.

ಬವೇರಿಯದ ಬಿಯರ್ ತಂಪಿನಲ್ಲಿ ನಿಧಾನವಾಗಿ ಹುದುಗಬೇಕು. ಆದುದರಿಂದಲೇ 1553ರ ಕಟ್ಟಳೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಅದರ ತಯಾರಿಕೆಯನ್ನು ನಿಷೇಧಿಸಿತ್ತು. ನಿಷೇಧ ಹೋದ ಮೇಲೂ ತೊಡಕು ಹೋಗಲಿಲ್ಲ. ಚಳಿಗಾಲದಲ್ಲಿ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು ನೆಲಮಾಳಿಗೆಗಳಲ್ಲಿ ತುಂಬಬೇಕಾಗಿತ್ತು. ಚಳಿ ಕಡಮೆಯಾದ ವರ್ಷ ನಷ್ಟವೇ ಗತಿ.

ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಒತ್ತಿ, ತಣಿಸಿ, ಮರಳಿ ದ್ರವವಾಗಿಸಿದರೆ ಅದು ಪುನಃ ಶಾಖವನ್ನು ಹೀರಲು ಸಿದ್ಧ. ಈ ತತ್ತ್ವ ಹಿಂದಿನವರಿಗೂ ತಿಳಿದಿತ್ತು. ಶಾಸ್ತ್ರೀಯ ಗಣನೆಯಿಂದ ಅದನ್ನು ನಂಬಿ ನಡೆಸಬಹುದಾದ ಯಂತ್ರವಾಗಿ ಮಾಡಿದ್ದು ಲಿಂಡೆಯ ಹಿರಿಮೆ. ಮ್ಯೂನಿಕ್‌ನ ಸ್ಪಾಟನ್ ಬಿಯರ್ ಕಾರ್ಖಾನೆಯ ಸೆಡ್ಲ್‌ಮೈರ್ ಮನೆತನದವರು ಪ್ರಯೋಗಕ್ಕೆ ಎಡೆಗೊಟ್ಟರು. ಮೊದಲ ಯಂತ್ರದಲ್ಲಿ ಅನಿಲ ಸೋರಿತು. ಲಿಂಡೆ ಎದೆಗುಂದದೆ 1876ರಲ್ಲಿ ಅಮೋನಿಯದಿಂದ ನಡೆಯುವ ಯಂತ್ರವನ್ನು ರಚಿಸಿ ಜಯಶೀಲನಾದನು. ಮರುವರ್ಷ ಟ್ರಿಯೆಸ್ಟ್‌ನ ಡ್ರೆಹರ್ ಬಿಯರ್ ಕಾರ್ಖಾನೆಗೂ ಅವನ ಯಂತ್ರ ಬಂದಿತು.

1879ರಲ್ಲಿ ಸುಭದ್ರವಾದ ಪ್ರಾಧ್ಯಾಪಕ ಪದವಿಯನ್ನು ತ್ಯಜಿಸಿ ವೀಸ್‌ಬಾಡೆನ್‌ನಲ್ಲಿ ಕಂಪನಿಯೊಂದನ್ನು ಸ್ಥಾಪಿಸಿದನು. 1883–84ರ ಚಳಿಗಾಲ ಬೆಚ್ಚಗಾಗಿ ಮಂಜುಗಡ್ಡೆ ದೊರೆಯದಿದ್ದಾಗ ಅವನ ಯಂತ್ರದ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. ಕ್ರಮೇಣ ಮಾಂಸ, ಮೀನುಗಳ ಸಂಗ್ರಹಾಗಾರಗಳಿಗೂ ಯಂತ್ರಶೈತ್ಯ ಹಬ್ಬಿತು. 1895ರಲ್ಲಿ ಅವನು ಗಾಳಿಯನ್ನೇ ದ್ರವವಾಗಿಸಿದನು. 1902ರಲ್ಲಿ ಅದರಿಂದ ಶುದ್ಧ ಆಮ್ಲಜನಕವನ್ನು ಬೇರ್ಪಡಿಸಿದನು.

1934ರ ನವೆಂಬರ್ 16ರಂದು, 92ನೆಯ ವಯಸ್ಸಿನಲ್ಲಿ ಲಿಂಡೆ ಮ್ಯೂನಿಕ್‌ನಲ್ಲಿ ಕಾಲವಾದನು. ಶಾಲೆಯಿಂದ ಹೊರಬಿದ್ದವನು ಶಾಸ್ತ್ರದಿಂದ ಹೊರಬೀಳಲಿಲ್ಲ. ಬಿದ್ದ ಶಿಷ್ಯನನ್ನು ಕೈಬಿಡದ ಗುರುವನ್ನೂ ನಾವು ಅವನೊಡನೆ ನೆನೆಯಬೇಕು.