ಕರ್ನಲ್ ಕಾಲಿನ್ ಮೆಕೆಂಜಿ (1754–1821): ಮೈಸೂರು ಸೀಮೆಯ ಭೂಮಾಪನ ಮತ್ತು ಕೈಬರಹದ ನಕ್ಷೆಗಳು

ಜಮೀನಿನ ಅಳತೆ, ಹದ್ದುಬಸ್ತು, ಪೋಡಿ ಹಾಗೂ ನಕ್ಷೆಯ ನಕಲಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ನಕ್ಷೆಯೊಂದು ಹೇಗೆ ಸಿದ್ಧವಾಗುತ್ತದೆ ಎಂಬುದರ ಪರಿಚಯವಿರುವುದು ಅಪೇಕ್ಷಣೀಯವಾಗಿರುತ್ತದೆ. ಈ ಉದ್ದೇಶದಿಂದ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯನ್ನು ಅಳೆದು ನಕ್ಷೆಗಳನ್ನು ರಚಿಸಿದ ಕರ್ನಲ್ ಕಾಲಿನ್ ಮೆಕೆಂಜಿಯವರ ಜೀವನವೃತ್ತಾಂತವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಮೆಕೆಂಜಿಯವರು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಊರಿನಲ್ಲಿ ಜನಿಸಿದರು. ಕೆಲಕಾಲ ಅಲ್ಲಿಯೇ ಸುಂಕದ ಕಚೇರಿಯಲ್ಲಿ ಸೇವೆ ಸಲ್ಲಿಸಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಸೇರಿ ಮದರಾಸಿಗೆ ಬಂದರು. ಗಣಿತದಲ್ಲಿ, ಅದರಲ್ಲಿಯೂ ಭಾರತೀಯರ ಗಣಿತಶಾಸ್ತ್ರದಲ್ಲಿ, ಅವರಿಗೆ ಮೊದಲಿನಿಂದಲೂ ಆಸಕ್ತಿಯಿತ್ತು. ಎಂಜಿನಿಯರ್ ಆಗಿ 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳಲ್ಲಿ ಭಾಗವಹಿಸಿದ ಅವರು, ಇವೆರಡರ ನಡುವಿನ ವರ್ಷಗಳಲ್ಲಿ ಹೈದರಾಬಾದಿನ ನಿಜಾಮರ ಸೀಮೆಯಲ್ಲಿ ನಕ್ಷೆಯ ಕಾರ್ಯವನ್ನು ಕೈಗೊಂಡಿದ್ದರು.

1799ರ ಮೇ 4ರಂದು ಟಿಪ್ಪು ಸುಲ್ತಾನರು ಮಡಿದ ತರುವಾಯ ಅವರ ರಾಜ್ಯವು ಕಂಪನಿ, ನಿಜಾಮ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ನಡುವೆ ಹಂಚಿಕೆಯಾಯಿತು. ಆದರೆ ಹಂಚಿಕೆಯ ಗೆರೆಯು ನೆಲದ ಮೇಲೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ನಿಖರವಾಗಿ ತೋರಿಸುವ ನಕ್ಷೆ ಇರಲಿಲ್ಲ. ಆದ್ದರಿಂದ ಮೈಸೂರು ಸೀಮೆಯ ಭೂಮಾಪನದ ಹೊಣೆಯನ್ನು ಮೆಕೆಂಜಿಯವರಿಗೆ ವಹಿಸಲಾಯಿತು. ಗಡಿ, ಕೋಟೆ, ಸೇನೆ ಸಾಗುವ ದಾರಿ ಮತ್ತು ಕಂದಾಯ, ಇವೇ ಆಡಳಿತಕ್ಕೆ ಬೇಕಾಗಿದ್ದವು. ಗೆದ್ದವರು ತಮ್ಮ ಅನುಕೂಲಕ್ಕಾಗಿ ಮಾಡಿಸಿದ ಅಳತೆ ಇದು ಎಂಬುದನ್ನು ಮರೆಮಾಚಬೇಕಾದ ಅಗತ್ಯವಿಲ್ಲ.

ಅಳತೆಯ ಕ್ರಮವು ಹೀಗಿತ್ತು. ಮೊದಲು ಸಮತಟ್ಟಾದ ನೆಲದಲ್ಲಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಬಹು ಎಚ್ಚರಿಕೆಯಿಂದ ಅಳೆಯಲಾಗುತ್ತಿತ್ತು. ಆ ರೇಖೆಯ ಎರಡೂ ತುದಿಗಳಿಂದ ದೂರದ ಬೆಟ್ಟದ ನೆತ್ತಿಯನ್ನು ಥಿಯೋಡೊಲೈಟ್ ಯಂತ್ರದಲ್ಲಿ ನೋಡಿ ಕೋನಗಳನ್ನು ಗುರುತಿಸಿದರೆ, ತ್ರಿಕೋನದ ಉಳಿದೆರಡು ಬಾಹುಗಳ ಉದ್ದವು ಲೆಕ್ಕದಿಂದಲೇ ದೊರೆಯುತ್ತಿತ್ತು. ಬೆಟ್ಟದಿಂದ ಬೆಟ್ಟಕ್ಕೆ ಹೀಗೆ ತ್ರಿಕೋನಗಳನ್ನು ಹೆಣೆದು ಇಡೀ ಸೀಮೆಗೆ ಒಂದು ಚೌಕಟ್ಟನ್ನು ಕಟ್ಟಲಾಗುತ್ತಿತ್ತು. ಚೌಕಟ್ಟಿನ ಒಳಗಿನ ಊರು, ಕೆರೆ, ಹಳ್ಳಗಳನ್ನು ತುಂಬುವ ಕಾರ್ಯಕ್ಕೆ ಪ್ಲೇನ್ ಟೇಬಲ್ ಬಳಕೆಯಾಗುತ್ತಿತ್ತು. ಇದು ಮುಕ್ಕಾಲಿಯ ಮೇಲೆ ನಿಲ್ಲಿಸಿದ ಒಂದು ಹಲಗೆ. ಅದರ ಮೇಲೆ ಕಾಗದವನ್ನು ಹರಡಿ, ಗುರಿ ನೋಡುವ ಪಟ್ಟಿಯನ್ನಿಟ್ಟು, ಕಣ್ಣಿಗೆ ಕಂಡ ದಿಕ್ಕಿಗೆ ಅಲ್ಲಿಯೇ ಗೆರೆ ಎಳೆಯಲಾಗುತ್ತಿತ್ತು. ಅಂದರೆ ನಕ್ಷೆಯು ಕಚೇರಿಯಲ್ಲಿ ಅಲ್ಲ, ನೆಲವನ್ನು ನೋಡುತ್ತ ನಿಂತ ಸ್ಥಳದಲ್ಲಿಯೇ ಹುಟ್ಟುತ್ತಿತ್ತು. ರಸ್ತೆಗಳ ಉದ್ದವನ್ನು ಚಕ್ರ ಉರುಳಿಸಿ ಅಳೆಯಲಾಗುತ್ತಿತ್ತು. ನಂತರ ಬಿಡಾರದಲ್ಲಿ ಕುಳಿತು ಹಾಳೆಗಳನ್ನು ಜೋಡಿಸಿ, ಮಸಿಯಲ್ಲಿ ತಿದ್ದಿ, ಬೆಟ್ಟಗಳಿಗೆ ಕುಂಚದಿಂದ ನೆರಳು ಕೊಡಲಾಗುತ್ತಿತ್ತು. ಅಚ್ಚಿನ ಸೌಕರ್ಯವಿಲ್ಲದ ಕಾರಣ ಎರಡನೆಯ ಪ್ರತಿ ಬೇಕಾದಲ್ಲಿ ಎಲ್ಲವನ್ನೂ ಮತ್ತೆ ಕೈಯಿಂದಲೇ ಬರೆಯಬೇಕಾಗಿತ್ತು. ಪ್ರತಿಯಿಂದ ಪ್ರತಿಗೆ ತಪ್ಪು ನುಸುಳುವ ಸಂಭವವೂ ಅಷ್ಟೇ ಇತ್ತು.

ಆದರೆ ಯಂತ್ರವು ಊರಿನ ಸ್ಥಾನವನ್ನು ತೋರಿಸಬಲ್ಲುದೇ ಹೊರತು ಅದರ ಹೆಸರನ್ನು ಹೇಳಲಾರದು. ಕೆರೆಯ ನೀರು ಯಾವ ಊರಿಗೆ ಸೇರಿದ್ದು, ಹಾಳುಬಿದ್ದ ಗ್ರಾಮದ ಎಲ್ಲೆ ಎಲ್ಲಿತ್ತು ಎಂಬುದನ್ನು ಜನರನ್ನು ಕೇಳಿಯೇ ತಿಳಿಯಬೇಕು. ಮೆಕೆಂಜಿಯವರಿಗೆ ದಕ್ಷಿಣದ ಯಾವ ಭಾಷೆಯೂ ಚೆನ್ನಾಗಿ ಬರುತ್ತಿರಲಿಲ್ಲ. ಈ ಕೊರತೆಯನ್ನು ತುಂಬಿದವರು ಅವರ ಭಾರತೀಯ ಸಹಾಯಕರು. ಏಲೂರಿನ ಕಾವಲಿ ವೆಂಕಟ ಬೋರಯ್ಯನವರು 1796ರಿಂದ ಅವರ ಜೊತೆಗಿದ್ದು ಊರೂರಿನ ಶಾನುಭೋಗರು, ಪಂಡಿತರು ಹಾಗೂ ಹಿರಿಯರಿಂದ ವಿಷಯ ಸಂಗ್ರಹಿಸುವ ಪದ್ಧತಿಯನ್ನೇ ರೂಪಿಸಿದರು. ಅವರು 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ನಿಧನರಾದರು. ಸೋದರ ಲಕ್ಷ್ಮಯ್ಯನವರು ಆ ಕಾರ್ಯವನ್ನು ಮುಂದುವರಿಸಿದರು. ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಹಳಗನ್ನಡ ಶಾಸನಗಳನ್ನು ಓದಿ ಅರ್ಥ ಹೇಳುತ್ತಿದ್ದರು. ಮೈಸೂರು ಭೂಮಾಪನದ ಅರ್ಧ ಕೀರ್ತಿಯಾದರೂ ಇವರಿಗೆ ಸಲ್ಲತಕ್ಕದ್ದಾಗಿದೆ.

ಕಾರ್ಯವು ಸುಗಮವಾಗಿ ಸಾಗಲಿಲ್ಲ. ವೆಚ್ಚ ಅಧಿಕವಾಯಿತೆಂಬ ಕಾರಣದಿಂದ 1801ರಲ್ಲಿ ಕಂಪನಿಯು ಅನುದಾನವನ್ನು ಕಡಿತಗೊಳಿಸಿತು. ಕಾಡುಸೀಮೆಗಳಲ್ಲಿ ಚಳಿಜ್ವರವು ಸಿಬ್ಬಂದಿಯನ್ನು ಮತ್ತೆ ಮತ್ತೆ ಕಾಡಿತು. ಮುಖ್ಯ ಸಹಾಯಕರಲ್ಲಿ ಒಬ್ಬರಾದ ಜಾನ್ ಮ್ಯಾದರ್ ಅವರು ಅನಾರೋಗ್ಯದಿಂದ ಸೇವೆಯನ್ನೇ ಬಿಡಬೇಕಾಯಿತು. ಮದರಾಸಿನ ಸರ್ವೆ ಶಾಲೆಯಲ್ಲಿ ತರಬೇತಿ ಪಡೆದ ಹುಡುಗರು ಕಲಿಯುತ್ತಲೇ ದುಡಿದರು. ಸರ್ಕಾರವು ಗಡಿ ಮತ್ತು ದಾರಿಗಳಷ್ಟಕ್ಕೇ ತೃಪ್ತವಾಗಬಹುದಾಗಿದ್ದರೂ ಮೆಕೆಂಜಿಯವರು ಊರು, ಕೆರೆ, ಮನೆಗಳ ಪಟ್ಟಿ, ಸ್ಥಳಚರಿತ್ರೆ, ಶಾಸನಗಳ ಪ್ರತಿ ಇವೆಲ್ಲವನ್ನೂ ಸಂಗ್ರಹಿಸುವುದನ್ನು ಬಿಡದೆ, ಅದಕ್ಕಾಗಿ ಸ್ವಂತ ಹಣವನ್ನೂ ವ್ಯಯಿಸಿದರು. ಸುಮಾರು ಒಂದು ದಶಕದ ಅವಧಿಯಲ್ಲಿ 40,000 ಚದರ ಮೈಲಿಗೂ ಹೆಚ್ಚಿನ ಪ್ರದೇಶದ ಅಳತೆ ಪೂರ್ಣಗೊಂಡು, ನಕ್ಷೆಗಳೊಂದಿಗೆ ಏಳು ಸಂಪುಟಗಳ ವರದಿಯು ಸಿದ್ಧವಾಯಿತು.

1810ರಲ್ಲಿ ಅವರು ಮದರಾಸಿನ ಸರ್ವೆಯರ್ ಜನರಲ್ ಆಗಿ ನೇಮಕಗೊಂಡರು. 1811ರಿಂದ 1813ರವರೆಗೆ ಜಾವಾ ದ್ವೀಪದಲ್ಲಿ ಸೇವೆ ಸಲ್ಲಿಸಿದರು. 1815ರಲ್ಲಿ ಭಾರತದ ಪ್ರಥಮ ಸರ್ವೆಯರ್ ಜನರಲ್ ಆದರು. 1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರರು ರಚಿಸಿದ ಅವರ ಭಾವಚಿತ್ರದಲ್ಲಿ ಮೂವರು ಭಾರತೀಯ ಸಹಾಯಕರೂ ಹಿನ್ನೆಲೆಯಲ್ಲಿ ಗೊಮ್ಮಟ ಮೂರ್ತಿಯೂ ಕಾಣಿಸಿಕೊಂಡಿರುವುದು ಗಮನಾರ್ಹ. 1821ರ ಮೇ 8ರಂದು ಕಲ್ಕತ್ತೆಯ ಸಮೀಪ ಅವರು ನಿಧನರಾದರು. ಊರಿಗೆ ಮರಳಿ ಸಂಗ್ರಹವನ್ನು ಕ್ರಮಬದ್ಧಗೊಳಿಸಬೇಕೆಂಬ ಅವರ ಇಚ್ಛೆ ಕೈಗೂಡಲಿಲ್ಲ.

ಆ ಸಂಗ್ರಹವನ್ನು ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಖರೀದಿಸಿತು. ಅದರಲ್ಲಿ 8,076 ಶಾಸನಗಳ ಪ್ರತಿಗಳೂ 6,218 ನಾಣ್ಯಗಳೂ ಇದ್ದವು. ಇಂದು ಅದು ಲಂಡನ್, ಚೆನ್ನೈ ಮುಂತಾದೆಡೆ ಹಂಚಿಹೋಗಿದೆ. ಸಹಾಯಕರು ಬರೆಸಿಕೊಂಡ ಸ್ಥಳಚರಿತ್ರೆಗಳಲ್ಲಿ ಕನ್ನಡದವುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವುಗಳನ್ನು ಕೈಫಿಯತ್ತುಗಳೆಂಬ ಹೆಸರಿನಲ್ಲಿ ಪ್ರಕಟಿಸಿದೆ. ತಮ್ಮ ಊರಿನ ಹಳೆಯ ವೃತ್ತಾಂತವನ್ನು ತಿಳಿಯಬಯಸುವವರು ಇದನ್ನು ನೋಡಬಹುದು.

ಸಾರ್ವಜನಿಕರು ಗಮನಿಸಬೇಕಾದ ಒಂದು ಅಂಶವಿದೆ. ಮೆಕೆಂಜಿಯವರ ನಕ್ಷೆಗಳು ಸೀಮೆಯ ನಕ್ಷೆಗಳೇ ಹೊರತು ಹಿಡುವಳಿಯ ನಕ್ಷೆಗಳಲ್ಲ. ಅವುಗಳಲ್ಲಿ ಸರ್ವೆ ನಂಬರ್ ಇರುವುದಿಲ್ಲ, ಜಮೀನಿನ ಹಕ್ಕಿಗೆ ಅವು ಆಧಾರವಾಗುವುದಿಲ್ಲ. ಹೊಲವಾರು ಅಳತೆಯ ಕಂದಾಯ ಭೂಮಾಪನವು ಮೈಸೂರು ಸಂಸ್ಥಾನದಲ್ಲಿ ಆರಂಭವಾದದ್ದು 1863ರಲ್ಲಿ. 33 ಅಡಿಯ ಸರಪಳಿಯಿಂದ ಅಳೆದು ಕೈಯಿಂದ ಬರೆದ ಟಿಪ್ಪಣಿ ಹಾಗೂ ಗ್ರಾಮನಕ್ಷೆಗಳು ಆ ಪರಂಪರೆಗೆ ಸೇರಿದವು. ಹಳೆಯ ಕಾಗದವು ಕಾಲಕ್ರಮದಲ್ಲಿ ಕುಗ್ಗುವುದರಿಂದ, ಅದನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಅಳವಡಿಸುವಾಗ ನೆಲದ ಮೇಲೆ ಈಗಲೂ ಉಳಿದಿರುವ ಬಾಂದು ಕಲ್ಲು, ಗ್ರಾಮಗಳ ಎಲ್ಲೆ ಕೂಡುವ ಮುಕ್ಕಟ್ಟು ಮುಂತಾದ ಸ್ಥಿರ ಬಿಂದುಗಳಿಗೆ ಹೊಂದಿಸಿ ಸರಿಪಡಿಸಬೇಕಾಗುತ್ತದೆ. ಉಪಗ್ರಹ ಆಧಾರಿತ ಉಪಕರಣವು ಬಿಂದುವಿನ ಸ್ಥಾನವನ್ನು ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ತಿಳಿಸಬಲ್ಲುದಾದರೂ, ಆ ಬಿಂದು ಯಾರ ಬದುವಿನದು ಎಂಬುದನ್ನು ದಾಖಲೆ ಹಾಗೂ ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆಯಿಂದಲೇ ತಿಳಿಯಬೇಕಾಗಿದೆ. ಅಳತೆಯ ದಿನದಂದು ಅರ್ಜಿದಾರರು ಮತ್ತು ಬಾಜುದಾರರು ಸ್ಥಳದಲ್ಲಿ ಹಾಜರಿದ್ದು, ತಮಗೆ ತಿಳಿದಿರುವ ಬಾಂದು ಕಲ್ಲುಗಳನ್ನು ಭೂಮಾಪಕರಿಗೆ ತೋರಿಸಬೇಕೆಂದು ಕೋರುವುದು ಈ ಕಾರಣದಿಂದಲೇ ಆಗಿರುತ್ತದೆ.