ಕೊರೆವ ಚಳಿ, ಕೆಟ್ಟ ಬಸ್ಸು ಮತ್ತು ಬಡ್ಡಿ ಹಾಲಿ

ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿಯ ಹೆಸರು ಬಂದಾಗಲೆಲ್ಲ 1959ರ ಫೆಬ್ರವರಿ 3ರ ವಿಮಾನ ದುರಂತ ನೆನಪಾಗುತ್ತದೆ. ಡಾನ್ ಮೆಕ್ಲೀನ್ 1971ರಲ್ಲಿ ಹಾಡಿದ ‘ಅಮೆರಿಕನ್ ಪೈ’ ಆ ದಿನವನ್ನು ದಂತಕಥೆಯಾಗಿಸಿತು. ಆದರೆ ಇಪ್ಪತ್ತೆರಡರ ಹರೆಯದ ಆ ತರುಣ ವಿಮಾನ ಹತ್ತುವಂತೆ ಮಾಡಿದ್ದು ಒಂದು ಕೆಟ್ಟ ಬಸ್ಸು ಮತ್ತು ಬರಿದಾದ ಕಿಸೆ ಎಂಬ ಸಂಗತಿಯನ್ನು ಸ್ಮರಿಸುವವರು ಕಡಿಮೆ.

ಟೆಕ್ಸಾಸ್ ರಾಜ್ಯದ ಹತ್ತಿ ಬೆಳೆಯುವ ಬಯಲಿನ ನಡುವಣ ಲಬಕ್ ಪಟ್ಟಣದಲ್ಲಿ 1936ರ ಸೆಪ್ಟೆಂಬರ್ 7ರಂದು ಜನಿಸಿದ ಚಾರ್ಲ್ಸ್ ಹಾರ್ಡಿನ್ ಹಾಲಿ ನಾಲ್ವರು ಮಕ್ಕಳಲ್ಲಿ ಕಿರಿಯ. ಬಡ್ಡಿ ಎಂಬುದು ಮನೆಯವರು ಇಟ್ಟ ಮುದ್ದಿನ ಹೆಸರು. 1956ರಲ್ಲಿ ಡೆಕ್ಕಾ ಕಂಪನಿಗಾಗಿ ನ್ಯಾಶ್‌ವಿಲ್‌ನಲ್ಲಿ ಹಾಡಿದ ಹಾಡುಗಳು ನೆಲಕಚ್ಚಿದವು. ಮರುವರ್ಷ ನೆರೆಯ ನ್ಯೂ ಮೆಕ್ಸಿಕೋ ರಾಜ್ಯದ ಕ್ಲೋವಿಸ್‌ನಲ್ಲಿದ್ದ ನಾರ್ಮನ್ ಪೆಟ್ಟಿಯ ಸ್ಟುಡಿಯೋದಲ್ಲಿ ‘ದಟ್ಲ್ ಬಿ ದ ಡೇ’ ಹೊಸದಾಗಿ ಮುದ್ರಣಗೊಂಡಿತು. ಹಳೆಯ ಕರಾರು ಅಡ್ಡಬಂದುದರಿಂದ ಹಾಡು ‘ಕ್ರಿಕೆಟ್ಸ್’ ಎಂಬ ತಂಡದ ಹೆಸರಿನಲ್ಲಿ ಹೊರಬಂದಿತು. ಈ ಕ್ರಿಕೆಟ್ ಆಟವಲ್ಲ, ಇರುಳಿನಲ್ಲಿ ಚೀರುವ ಜೀರುಂಡೆ. ಸೆಪ್ಟೆಂಬರ್ ವೇಳೆಗೆ ಅದು ಅಮೆರಿಕದ ಅಗ್ರಗೀತೆಯಾಗಿತ್ತು.

ಅಲ್ಲಿಂದ ಆರಂಭವಾಯಿತು ಅಲೆದಾಟ. 1957ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ, ಕಪ್ಪುವರ್ಣೀಯ ಕಲಾವಿದರ ನೆಲೆಯಾಗಿದ್ದ ಅಪೊಲೊ ರಂಗಮಂದಿರದಲ್ಲಿ ಈ ಬಿಳಿಯ ಹುಡುಗರು ಹಾಡಿದರು. ಬಳಿಕ ಹತ್ತಾರು ಕಲಾವಿದರೊಂದಿಗೆ ಬಸ್ಸಿನಲ್ಲಿ ಸುಮಾರು ಎಂಬತ್ತು ದಿನಗಳ ಪ್ರವಾಸ. ದಕ್ಷಿಣದ ಕೆಲವು ನಗರಗಳಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆ ಏರಕೂಡದೆಂಬ ಕಟ್ಟಳೆ ಇದ್ದುದರಿಂದ ಆ ದಿನಗಳಲ್ಲಿ ಕ್ರಿಕೆಟ್ಸ್ ಹೊರಗುಳಿಯಬೇಕಾಯಿತು. ಅಲೆದಲೆದು ದಣಿದ ಗಿಟಾರ್ ವಾದಕ ನಿಕಿ ಸಲಿವನ್ ವರ್ಷಾಂತ್ಯಕ್ಕೆ ತಂಡ ತೊರೆದ. ಉಳಿದವರು ಮೂವರು: ಹಾಲಿ, ಡ್ರಮ್ಸ್‌ನ ಜೆರ್ರಿ ಆಲಿಸನ್, ಬೇಸ್‌ನ ಜೋ ಮಾಲ್ಡಿನ್. ಮೂವರೇ ಆಸ್ಟ್ರೇಲಿಯಾಕ್ಕೆ ಹೋದರು, 1958ರ ಮಾರ್ಚ್‌ನಲ್ಲಿ 25 ದಿನ ಬ್ರಿಟನ್ ಸುತ್ತಿದರು. ತಮ್ಮ ಹಾಡನ್ನು ತಾವೇ ಬರೆದು ತಾವೇ ನುಡಿಸುವ ಈ ಪುಟ್ಟ ತಂಡ ಲಿವರ್‌ಪೂಲ್‌ನ ಹುಡುಗರನ್ನು ಮರುಳುಮಾಡಿತು. ಮುಂದೆ ಬೀಟಲ್ಸ್ ಆದ ಗೆಳೆಯರು ಅದೇ ವರ್ಷ ಮೊದಲ ಬಾರಿಗೆ ಮುದ್ರಿಸಿಕೊಂಡ ಹಾಡುಗಳಲ್ಲಿ ‘ದಟ್ಲ್ ಬಿ ದ ಡೇ’ ಕೂಡ ಒಂದು.

ನ್ಯೂಯಾರ್ಕ್‌ನ ಸಂಗೀತ ಪ್ರಕಾಶನ ಸಂಸ್ಥೆಯೊಂದರಲ್ಲಿ ಸ್ವಾಗತಕಾರಿಣಿಯಾಗಿದ್ದ ಮರಿಯಾ ಎಲೆನಾ ಸಾಂಟಿಯಾಗೊಳನ್ನು ಮೊದಲ ಭೇಟಿಯ ದಿನವೇ ಹಾಲಿ ಮದುವೆಗೆ ಕೇಳಿದ. 1958ರ ಆಗಸ್ಟ್ 15ರಂದು ವಿವಾಹ ನೆರವೇರಿತು. ಶರತ್ಕಾಲದಲ್ಲಿ ವ್ಯವಸ್ಥಾಪಕನೂ ಆಗಿದ್ದ ಪೆಟ್ಟಿಯೊಂದಿಗೆ ಆತ ಸಂಬಂಧ ಕಡಿದುಕೊಂಡ. ಆಲಿಸನ್ ಮತ್ತು ಮಾಲ್ಡಿನ್ ಪೆಟ್ಟಿಯ ಬಳಿಯೇ ಉಳಿದರು. ಗೌರವಧನದ ಲೆಕ್ಕವೂ ಅಲ್ಲೇ ಸಿಕ್ಕಿಕೊಂಡಿತು. ಹೆಸರಿನಲ್ಲೇ ಬಡ್ಡಿ ಇದ್ದವನಿಗೆ ಅಸಲೂ ಕೈಸೇರದ ವಿಪರ್ಯಾಸ! ನ್ಯೂಯಾರ್ಕ್‌ನಲ್ಲಿ ಬಾಡಿಗೆ ಮನೆ, ಗರ್ಭಿಣಿ ಪತ್ನಿ. ಚಳಿಗಾಲದ ಪ್ರವಾಸಕ್ಕೆ ಒಪ್ಪದೆ ಗತ್ಯಂತರವಿರಲಿಲ್ಲ.

ಟಾಮಿ ಆಲ್ಸಪ್, ವೇಲನ್ ಜೆನ್ನಿಂಗ್ಸ್, ಕಾರ್ಲ್ ಬಂಚ್ ಎಂಬ ಮೂವರನ್ನು ಕೂಡಿಸಿಕೊಂಡು ಹಾಲಿ ಹೊರಟ. ಜನವರಿ 23ರಂದು ಮಿಲ್ವಾಕಿಯಲ್ಲಿ ಮೊದಲ ಪ್ರದರ್ಶನ. 24 ದಿನ, 24 ಊರು. ಯೋಜಿಸಿದವರು ಭೂಪಟ ಬಿಡಿಸಿಯೇ ನೋಡಿರಲಿಲ್ಲವೇನೋ ಎನಿಸುವಷ್ಟು ಅಡ್ಡಾದಿಡ್ಡಿ ದಾರಿ. ಬಂದ ಊರಿನ ಕಡೆಗೇ ಮತ್ತೆ ತಿರುಗಬೇಕು, ಒಂದೊಂದು ರಾತ್ರಿ ನೂರಾರು ಕಿಲೋಮೀಟರ್ ಕ್ರಮಿಸಬೇಕು. ಬಸ್ಸುಗಳು ಒಂದರ ಮೇಲೊಂದು ಕೆಟ್ಟವು. ಹೀಟರ್ ಕೆಲಸ ಮಾಡದೆ, ಸೊನ್ನೆಗಿಂತ ಬಹಳ ಕೆಳಗಿಳಿದ ಚಳಿಯಲ್ಲಿ ಬಸ್ಸಿನೊಳಗೇ ವೃತ್ತಪತ್ರಿಕೆ ಸುಟ್ಟು ಮೈ ಕಾಯಿಸಿಕೊಳ್ಳುವ ಸ್ಥಿತಿ ಒದಗಿತು. ಫೆಬ್ರವರಿ 1ರ ನಸುಕಿನಲ್ಲಿ ವಿಸ್ಕಾನ್ಸಿನ್‌ನ ಹರ್ಲಿ ಬಳಿ ಬಸ್ಸು ನಿಂತೇಹೋಯಿತು. ಕಾಲು ಮರಗಟ್ಟಿದ ಬಂಚ್ ಆಸ್ಪತ್ರೆ ಸೇರಿದ. ಡ್ರಮ್ಸ್ ಬಾರಿಸುವ ಕೆಲಸವನ್ನು ಜೊತೆಗಿದ್ದ ಗಾಯಕರು, ಸ್ವತಃ ಹಾಲಿಯೂ ಸೇರಿ, ಹಂಚಿಕೊಂಡರು.

ಮರುದಿನ ಬಿಡುವಿರಬೇಕಿತ್ತು. ಕೊನೆಗಳಿಗೆಯಲ್ಲಿ ಅಯೋವಾದ ಕ್ಲಿಯರ್ ಲೇಕ್‌ನ ಪ್ರದರ್ಶನ ಸೇರಿಕೊಂಡಿತು. ಅಲ್ಲಿಂದ ಮುಂದಿನ ಊರಾದ ಮೂರ್‌ಹೆಡ್‌ಗೆ ಸುಮಾರು 580 ಕಿ.ಮೀ. ಮೈಮೇಲಿನ ಬಟ್ಟೆ ಒಗೆಸಿಕೊಂಡು ಒಂದಿಷ್ಟು ನಿದ್ರಿಸಬಹುದೆಂಬ ಆಸೆಯಿಂದ ಹಾಲಿ ಪುಟ್ಟ ವಿಮಾನವೊಂದನ್ನು ಗೊತ್ತುಮಾಡಿದ. ತಲೆಗೆ 36 ಡಾಲರ್. ಫ್ಲೂ ಜ್ವರದಿಂದ ನರಳುತ್ತಿದ್ದ ಜೆ.ಪಿ. ರಿಚರ್ಡ್‌ಸನ್‌ಗೆ ಜೆನ್ನಿಂಗ್ಸ್ ತನ್ನ ಆಸನ ಬಿಟ್ಟುಕೊಟ್ಟ. ನಾಣ್ಯ ಚಿಮ್ಮಿದಾಗ ಆಲ್ಸಪ್ ಸೋತು, ಹದಿನೇಳರ ರಿಚಿ ವಾಲೆನ್ಸ್ ಗೆದ್ದ. ಬೀಳ್ಕೊಡುವಾಗ ಹಾಲಿ ಬಸ್ಸು ಹೆಪ್ಪುಗಟ್ಟಲೆಂದು ಹಾಸ್ಯ ಮಾಡಿದರೆ, ವಿಮಾನ ಬೀಳಲೆಂದು ಜೆನ್ನಿಂಗ್ಸ್ ಮರುಹಾಸ್ಯ ಮಾಡಿದ. ಆ ಮಾತು ಜೆನ್ನಿಂಗ್ಸ್‌ನನ್ನು ಜೀವಮಾನವಿಡೀ ಕಾಡಿತು.

ರಾತ್ರಿ ಒಂದರ ಸುಮಾರಿಗೆ ಹಿಮಗಾಳಿಯಲ್ಲಿ ಮೇಲೇರಿದ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದರಲ್ಲಿ ಅಪ್ಪಳಿಸಿತು. 21 ವರ್ಷದ ವಿಮಾನ ಚಾಲಕ ಸಹಿತ ನಾಲ್ವರೂ ಮಡಿದರು. ಕೇವಲ ಉಪಕರಣಗಳನ್ನು ನೋಡಿ ಹಾರಿಸುವ ಅರ್ಹತಾಪತ್ರ ಚಾಲಕನಿಗಿರಲಿಲ್ಲ, ಹವಾಮಾನದ ಮುನ್ನೆಚ್ಚರಿಕೆಯೂ ಆತನಿಗೆ ಸರಿಯಾಗಿ ತಲುಪಿರಲಿಲ್ಲ ಎಂದು ತನಿಖೆ ಹೇಳಿತು. ಸುದ್ದಿಯ ಆಘಾತದಿಂದ ಮರಿಯಾ ಎಲೆನಾಗೆ ಗರ್ಭಪಾತವಾಯಿತು.

ಪ್ರವಾಸ ಮಾತ್ರ ನಿಲ್ಲಲಿಲ್ಲ. ಅದೇ ಸಂಜೆ ಮೂರ್‌ಹೆಡ್‌ನಲ್ಲಿ ಪ್ರದರ್ಶನ ನಡೆಯಿತು. ಹದಿನೈದರ ಬಾಲಕ ಬಾಬಿ ವೀ ಮತ್ತು ಗೆಳೆಯರು ತೆರವಾದ ಸ್ಥಾನ ತುಂಬಿದರು. ಆಲ್ಸಪ್, ಜೆನ್ನಿಂಗ್ಸ್ ಮತ್ತೆ ಬಸ್ಸು ಹತ್ತಿ ಇನ್ನೆರಡು ವಾರ ನುಡಿಸಿದರು. ದುರಂತಕ್ಕೆ ಮೂರು ದಿನ ಮುನ್ನ ಡುಲೂತ್‌ನಲ್ಲಿ ಹಾಲಿಯನ್ನು ಕಣ್ಣಾರೆ ಕಂಡ ಹದಿನೇಳರ ಹುಡುಗನೊಬ್ಬ 2017ರ ತನ್ನ ನೊಬೆಲ್ ಉಪನ್ಯಾಸವನ್ನು ಹಾಲಿಯ ನೆನಪಿನಿಂದಲೇ ಆರಂಭಿಸಿದ. ಆತ ಬಾಬ್ ಡಿಲನ್.

ಹಾಲಿಯ ಗುರುತೇ ಆಗಿದ್ದ ದಪ್ಪ ಕಪ್ಪು ಕಟ್ಟಿನ ಕನ್ನಡಕ ಹಿಮ ಕರಗಿದ ಮೇಲೆ ಆ ಹೊಲದಲ್ಲಿ ದೊರೆಯಿತು. ಲಕೋಟೆಯೊಂದರಲ್ಲಿ ಮುಚ್ಚಿಟ್ಟ ಅದು ಸರ್ಕಾರಿ ಕಚೇರಿಯ ಕಡತಗಳ ನಡುವೆ 1980ರವರೆಗೂ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.